ಕೈಗುಣ ಎಷ್ಟು ತೂಗುತ್ತದೆ?



ನಂಜನಗೂಡಿನ ಶ್ರೀಕಂಠೇಶ್ವರನಿಗೆ ಒಂದು ವೈದ್ಯಕೀಯ ಬಿರುದಿದೆ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದೆ ಹೋಯಿತಂತೆ. ನಂಜುಂಡನಿಗೆ ಹರಕೆ ಹೊತ್ತ ಮೇಲೆ ಕಾಣಿಸಿತಂತೆ. ಸುಲ್ತಾನ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ ‘ಹಕೀಂ ನಂಜುಂಡ’ ಎಂದನಂತೆ. ಈ ಅಂತೆಗಳ ಸರದಲ್ಲಿ ಇತಿಹಾಸ ಎಷ್ಟು, ಭಕ್ತಿ ಎಷ್ಟು ಎಂದು ಬಿಡಿಸುವುದು ಕಷ್ಟ. ಹಕೀಂ ಎಂಬ ಹೆಸರಂತೂ ಉಳಿದುಕೊಂಡಿದೆ. ವಿಷ ಕುಡಿದು ದಕ್ಕಿಸಿಕೊಂಡವನ ಊರಿಗೆ ಕಾಯಿಲೆಯವರು ಬಾರದೆ ಇನ್ನೆಲ್ಲಿಗೆ ಹೋದಾರು? ಕಪಿಲೆ ನದಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡಿ, ವಾಸಿಯಾದರೆ ಮುಡಿ ಕೊಡುತ್ತೇನೆಂದು ಹರಕೆ ಕಟ್ಟಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಅದೇ ಊರಿನ ಹೆಸರನ್ನು ಬಿ.ವಿ. ಪಂಡಿತರು 1913ರಲ್ಲಿ ಶುರುಮಾಡಿದ ಸದ್ವೈದ್ಯಶಾಲೆ ಮನೆಮನೆಯ ಬಚ್ಚಲಿಗೆ ಮುಟ್ಟಿಸಿತು. ನಂಜನಗೂಡು ಹಲ್ಲುಪುಡಿ ಗೊತ್ತಿಲ್ಲದ ಹಳೇ ಮೈಸೂರಿಗರು ಯಾರಿದ್ದಾರೆ? ಇನ್ನು ಸರ್ಕಾರಿ ಆಸ್ಪತ್ರೆಯಂತೂ ಇದ್ದೇ ಇದೆ. ದೇವರು, ಬೇರುನಾರು, ಸೂಜಿ ಈ ಮೂರಕ್ಕೂ ನಮ್ಮ ಜನ ಜಗಳ ಹಚ್ಚಿಲ್ಲ. ಬೆಳಿಗ್ಗೆ ಇಂಜೆಕ್ಷನ್ ಹಾಕಿಸಿಕೊಂಡು, ಮಧ್ಯಾಹ್ನ ಕಷಾಯ ಕುಡಿದು, ಸಂಜೆ ಮಂಗಳಾರತಿ ತೆಗೆದುಕೊಳ್ಳುತ್ತಾರೆ. ಯಾವುದರಿಂದ ವಾಸಿಯಾಯಿತು ಎಂದು ಕೇಳಿದರೆ ಮೂರಕ್ಕೂ ಒಂದೊಂದು ಪಾಲು ಕೊಡುತ್ತಾರೆ.

ನಾಲ್ಕನೆಯದಕ್ಕೂ ಒಂದು ಪಾಲು ಇದೆ. ಅದು ಕೈ. ‘ಆ ಡಾಕ್ಟರ ಕೈಗುಣ ಚೆನ್ನಾಗಿದೆ ಕಣ್ರೀ’ ಎನ್ನುವ ಮಾತನ್ನು ನಂಜನಗೂಡಿನ ಬಸ್ ನಿಲ್ದಾಣದಲ್ಲೂ ಕೇಳಬಹುದು, ತಿ. ನರಸೀಪುರದ ಸಂತೆಯಲ್ಲೂ ಕೇಳಬಹುದು. ಅದೇ ಮಾತ್ರೆಯನ್ನು ಇನ್ನೊಬ್ಬರು ಬರೆದುಕೊಟ್ಟರೆ ಹಿಡಿಸುವುದಿಲ್ಲ, ಇವರು ಬರೆದರೆ ಹಿಡಿಸುತ್ತದೆ ಎಂಬ ನಂಬಿಕೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಕೈಯ ಬಗ್ಗೆ. ಮುಟ್ಟಿ ವಾಸಿ ಮಾಡುವ ಕೈ, ಮುಟ್ಟದೆಯೇ ವಾಸಿ ಮಾಡುತ್ತೇನೆನ್ನುವ ಕೈ. ಈ ಎರಡು ಒಂದೇ ಅಲ್ಲ ಎನ್ನುವುದೇ ನನ್ನ ಮಾತಿನ ತಿರುಳು.

ಮೊದಲು ನಮ್ಮ ಸೀಮೆಯ ಕೈಗಳನ್ನೇ ನೋಡೋಣ. ಕಾಲು ಉಳುಕಿದರೆ ಎಣ್ಣೆ ಹಚ್ಚಿ ನೀವುವವರು ಊರಿಗೊಬ್ಬರಾದರೂ ಇದ್ದರು. ಬಾಣಂತಿಗೆ ಎಣ್ಣೆ ತಿಕ್ಕಿ ಹಂಡೆಯ ಬಿಸಿನೀರು ಹುಯ್ಯುವ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೈ ನೀವುವ ಅಜ್ಜಿಯರಿದ್ದರು. ಇವು ಮುಟ್ಟುವ ಕೈಗಳು. ಇನ್ನೊಂದು ಕಡೆ, ಉಪ್ಪು ಮೆಣಸಿನಕಾಯಿ ಹಿಡಿದು ಮೈಯಿಂದ ಒಂದು ಗೇಣು ದೂರದಲ್ಲಿ ಮೇಲಿಂದ ಕೆಳಕ್ಕೆ ನಿವಾಳಿಸುವ ಕೈ. ಸರ್ಪಸುತ್ತಿಗೆ ಬೇವಿನ ಸೊಪ್ಪು ಆಡಿಸಿ ಮಂತ್ರ ಹಾಕುವ ಕೈ. ದರ್ಗಾದಲ್ಲಿ ನವಿಲುಗರಿಯ ಕುಂಚ ಸವರಿ ಊದುವ ಕೈ. ಇವು ಮುಟ್ಟದ ಕೈಗಳು. ಹಳ್ಳಿಯವರಿಗೆ ಎರಡೂ ಹಳೆಯ ಪರಿಚಯ.

ಈಚಿನ ದಶಕಗಳಲ್ಲಿ ಎರಡನೆಯ ಬಗೆಗೆ ಹೊಸ ಹೆಸರುಗಳು ಬಂದಿವೆ. ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಕುರಾಮ ಬೆಟ್ಟದಲ್ಲಿ ಉಪವಾಸ ಕೂತು ಕಂಡುಕೊಂಡನೆಂದು ಹೇಳುವ ರೇಖಿ ಅವುಗಳಲ್ಲಿ ಒಂದು. ಫಿಲಿಪ್ಪೀನ್ಸ್‌ನಲ್ಲಿದ್ದ ಚೀನೀ ಮೂಲದ ಚೋವಾ ಕೋಕ್ ಸುಯಿ 1987ರಲ್ಲಿ ಪುಸ್ತಕ ಬರೆದು ಜಗತ್ತಿಗೆಲ್ಲ ಹಬ್ಬಿಸಿದ ಪ್ರಾಣಿಕ್ ಹೀಲಿಂಗ್ ಇನ್ನೊಂದು. ನಮ್ಮ ಮೈಸೂರಿನಲ್ಲೂ ಅದನ್ನು ಕಲಿಸುವವರಿದ್ದಾರೆ, ಕಲಿತು ನೆಂಟರಿಷ್ಟರಿಗೆ ಮಾಡುವವರಿದ್ದಾರೆ. ಅದರ ಕ್ರಮವನ್ನು ಸ್ವಲ್ಪ ಗಮನಿಸಿ. ಮೈಯಿಂದ ಕೆಲವು ಅಂಗುಲ ದೂರದಲ್ಲಿ ಅಂಗೈ ಆಡಿಸಿ ‘ಪ್ರಾಣಶಕ್ತಿ’ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುವುದು; ಕೆಟ್ಟದ್ದನ್ನು ಗುಡಿಸಿದಂತೆ ಮಾಡಿ ಉಪ್ಪುನೀರಿನ ಬಟ್ಟಲಿಗೆ ಕೊಡವುವುದು; ಆಮೇಲೆ ಒಳ್ಳೆಯದನ್ನು ತುಂಬುವುದು. ನಮ್ಮಜ್ಜಿ ಇದನ್ನು ನೋಡಿದ್ದರೆ, ‘ಇದಕ್ಕೆ ಕೋರ್ಸು ಯಾಕೆ, ಹಿಡಿ ಉಪ್ಪು ತಾ’ ಎನ್ನುತ್ತಿದ್ದಳು.

ಈ ಮುಟ್ಟದ ಕೈ ಆಸ್ಪತ್ರೆಯ ಒಳಗೆ, ಅದೂ ದಾದಿಯರ ಪಠ್ಯಕ್ಕೆ ನುಗ್ಗಿದ್ದು ಅಮೆರಿಕದಲ್ಲಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಶುಶ್ರೂಷಾ ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಡೊಲೊರೆಸ್ ಕ್ರೀಗರ್, ಥಿಯಾಸಫಿಯ ಡೋರಾ ಕುಂಜ್ ಜೊತೆ ಸೇರಿ, 1970ರ ದಶಕದ ಆರಂಭದಲ್ಲಿ ‘ಥೆರಪ್ಯೂಟಿಕ್ ಟಚ್’ ಎಂಬುದನ್ನು ರೂಪಿಸಿದರು. ಹೆಸರಿನಲ್ಲಿ ಸ್ಪರ್ಶವಿದ್ದರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ; ರೋಗಿಯ ಮೈಮೇಲೆ ಕೆಲವು ಅಂಗುಲ ಎತ್ತರದಲ್ಲಿ ಕೈಯಾಡಿಸಿ ‘ಶಕ್ತಿಕ್ಷೇತ್ರ’ ಸರಿಪಡಿಸುವುದು. ಈ ಶಕ್ತಿ ಏನೆಂದು ವಿವರಿಸುವಾಗ ಕ್ರೀಗರ್ ಕೈಚಾಚಿದ್ದು ನಮ್ಮ ‘ಪ್ರಾಣ’ದ ಕಡೆಗೇ. ಥಿಯಾಸಫಿಯ ದಾರಿಯಲ್ಲಿ ಭಾರತದಿಂದ ಹೋದ ಸರಕು ನ್ಯೂಯಾರ್ಕಿನಲ್ಲಿ ಬಿಳಿಕೋಟು ಹಾಕಿಕೊಂಡಿತು. ಸಾವಿರಾರು ದಾದಿಯರು ಇದನ್ನು ಕಲಿತರು. 1994ರಲ್ಲಿ ಉತ್ತರ ಅಮೆರಿಕದ ಶುಶ್ರೂಷಾ ರೋಗನಿರ್ಣಯ ಪಟ್ಟಿಯಲ್ಲಿ ‘ಶಕ್ತಿಕ್ಷೇತ್ರದ ಏರುಪೇರು’ ಎಂಬ ಬಾಬ್ತೂ ಸೇರಿಕೊಂಡಿತು. ಉಳಿದ ತೊಂದರೆಗಳ ಸಾಲಿನಲ್ಲಿ ಅದಕ್ಕೂ ಒಂದು ಮಣೆ.

ಆ ಮಣೆಯನ್ನು ಅಲ್ಲಾಡಿಸಿದ್ದು ಒಂಬತ್ತು ವರ್ಷದ ಹುಡುಗಿ. ಕೊಲರಾಡೊದ ಎಮಿಲಿ ರೋಸಾ ನಾಲ್ಕನೆಯ ತರಗತಿಯ ವಿಜ್ಞಾನ ಮೇಳಕ್ಕೆಂದು ಒಂದು ಪ್ರಯೋಗ ಹೂಡಿದಳು. ಅವಳ ತಾಯಿಯೂ ದಾದಿ. ಪ್ರಯೋಗಕ್ಕೆ ಬೇಕಾದದ್ದು ಒಂದು ರಟ್ಟಿನ ತಡಿಕೆ, ಒಂದು ನಾಣ್ಯ. ಚಿಕಿತ್ಸಕರು ತಡಿಕೆಯ ತೂತಿನೊಳಗಿಂದ ಎರಡೂ ಅಂಗೈಗಳನ್ನು ಮೇಲ್ಮುಖವಾಗಿ ಚಾಚಬೇಕು. ಆ ಕಡೆ ಎಮಿಲಿ ನಾಣ್ಯ ಚಿಮ್ಮಿ, ಬಿದ್ದಂತೆ ಎಡಗೈಯೋ ಬಲಗೈಯೋ ಒಂದರ ಮೇಲೆ ತನ್ನ ಕೈ ಹಿಡಿಯುತ್ತಾಳೆ, ಮುಟ್ಟುವುದಿಲ್ಲ. ಯಾವ ಕೈಯ ಹತ್ತಿರ ಅವಳ ಕೈ ಇದೆ ಎಂದು ಅವರು ಹೇಳಬೇಕು, ಅಷ್ಟೆ. ರೋಗಿಯ ಶಕ್ತಿಕ್ಷೇತ್ರದಲ್ಲಿ ಕಟ್ಟಿಕೊಂಡ ಗಂಟುಗಳನ್ನು ಬೆರಳಲ್ಲಿ ಓದಬಲ್ಲವರಿಗೆ ಜೀವಂತ ಕೈಯೊಂದು ಹತ್ತಿರವಿದೆಯೋ ಇಲ್ಲವೋ ಗೊತ್ತಾಗಲೇಬೇಕಲ್ಲ? 21 ಮಂದಿ ಅನುಭವಸ್ಥರು, ಒಟ್ಟು 280 ಸಲ. ಸರಿಯಾಗಿ ಹೇಳಿದ್ದು 123 ಸಲ, ಅಂದರೆ ನೂರಕ್ಕೆ 44. ಕಣ್ಣುಮುಚ್ಚಿ ಊಹಿಸಿದ್ದರೂ ಐವತ್ತರ ಹತ್ತಿರ ಬರುತ್ತಿತ್ತು. 1998ರ ಏಪ್ರಿಲ್‌ನಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆ ಇದನ್ನು ಪ್ರಕಟಿಸಿದಾಗ ಅವಳಿಗೆ ಹನ್ನೊಂದು ವರ್ಷ.

ಇಂಥ ಪರೀಕ್ಷೆ ಹೊಸದೇನೂ ಅಲ್ಲ. 1784ರಲ್ಲಿ ಪ್ಯಾರಿಸ್ಸಿನಲ್ಲಿ ಮೆಸ್ಮರ್ ಎಂಬ ವೈದ್ಯನ ‘ಪ್ರಾಣಿಕಾಂತ’ ಎಂಬ ಶಕ್ತಿಯ ಚಿಕಿತ್ಸೆಯ ಹುಚ್ಚು ಹಿಡಿದಿದ್ದಾಗ, ಫ್ರಾನ್ಸಿನ ದೊರೆ ಒಂದು ಸಮಿತಿ ನೇಮಿಸಿದ. ಅದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇದ್ದರು, ರಸಾಯನಶಾಸ್ತ್ರದ ಲವಾಸಿಯೆ ಇದ್ದರು. ತೋಟದ ಒಂದು ಮರಕ್ಕೆ ಚಿಕಿತ್ಸಕನಿಂದ ಶಕ್ತಿ ತುಂಬಿಸಿ, ಹುಡುಗನೊಬ್ಬನನ್ನು ಕಣ್ಣುಕಟ್ಟಿ ಮರದಿಂದ ಮರಕ್ಕೆ ನಡೆಸಿದರು. ಹುಡುಗ ನಡುಗಿದ, ಬೆವರಿದ, ಕೊನೆಗೆ ಮೂರ್ಛೆ ಹೋದ. ಆದರೆ ಹೋದದ್ದು ಬೇರೆ ಮರದ ಬುಡದಲ್ಲಿ. ನಮ್ಮಲ್ಲೂ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಸಿಗುವಂಥ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ಮಾಡಿದ್ದರು. ಖಾದಿ ಉಟ್ಟು ಹಾಸ್ಟೆಲಿನ ಕೋಣೆಯಲ್ಲಿ ಬದುಕಿದ ಆ ಗಾಂಧಿವಾದಿಗೆ ನಂಬುವವರ ಮೇಲೆ ಸಿಟ್ಟಿರಲಿಲ್ಲ. ನೋಡಿ ನಂಬೋಣ ಎಂಬುದಷ್ಟೇ ಅವರ ಹಟ.

ಸರಿ, ಶಕ್ತಿಕ್ಷೇತ್ರ ಸಿಗಲಿಲ್ಲ. ಹಾಗಾದರೆ ಮಂತ್ರ ಹಾಕಿಸಿಕೊಂಡವರಿಗೆ, ರೇಖಿ ತೆಗೆದುಕೊಂಡವರಿಗೆ ಆರಾಮಾದದ್ದು ಸುಳ್ಳೇ? ಅವರು ಸುಳ್ಳು ಹೇಳುವುದಿಲ್ಲ. ಆರಾಮಾಗಿದೆ. ಯಾಕೆ ಆಯಿತು ಎನ್ನುವುದೇ ಪ್ರಶ್ನೆ.

ಮೊದಲ ಕಾರಣ, ಎಷ್ಟೋ ಕಾಯಿಲೆಗಳಿಗೆ ತಮ್ಮದೇ ಆದ ಕಾಲಾವಧಿ ಇದೆ. ಸರ್ಪಸುತ್ತು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿ ಒಣಗುತ್ತದೆ. ಕಲುಷಿತ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ವಿಶ್ರಾಂತಿ, ಪಥ್ಯದಿಂದಲೇ ಇಳಿಯುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುವ ಮುಖವಾಯುವೂ ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ನಾವು ಮಂತ್ರ ಹಾಕಿಸಲು ಹೋಗುವುದು ನೋವು ಅತಿಯಾದ ದಿನ. ಅತಿಯಾದದ್ದು ಆಮೇಲೆ ಇಳಿಯಲೇಬೇಕು. ಇಳಿದಾಗ ಪಕ್ಕದಲ್ಲಿ ಯಾರಿದ್ದರೋ ಅವರಿಗೆ ಹೆಸರು ಬರುತ್ತದೆ. ಡಾಕ್ಟರುಗಳ ಕೈಗುಣದಲ್ಲೂ ಇದರ ಪಾಲು ಸಾಕಷ್ಟಿದೆ ಎಂದು ಒಪ್ಪಿಕೊಳ್ಳಬೇಕು.

ಎರಡನೆಯ ಕಾರಣ ಇನ್ನೂ ಸ್ವಾರಸ್ಯದ್ದು. ಹಾರ್ವರ್ಡ್‌ನ ಟೆಡ್ ಕ್ಯಾಪ್‌ಚುಕ್ ಮತ್ತು ಸಂಗಡಿಗರು 2008ರಲ್ಲಿ ಕರುಳಿನ ಕಿರಿಕಿರಿ ಇರುವ 262 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕಾಯಿರಿ ಎಂದರು. ಎರಡನೆಯದಕ್ಕೆ ಚರ್ಮದೊಳಗೆ ಹೋಗದ ಸುಳ್ಳು ಸೂಜಿಯ ಚಿಕಿತ್ಸೆ, ಹೆಚ್ಚು ಮಾತಿಲ್ಲ ಕತೆಯಿಲ್ಲ. ಮೂರನೆಯದಕ್ಕೆ ಅದೇ ಸುಳ್ಳು ಸೂಜಿ, ಆದರೆ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು ಕಷ್ಟಸುಖ ಕೇಳುವ ವೈದ್ಯ. ನಾಡಿ ಹಿಡಿದು ಇಪ್ಪತ್ತು ಸೆಕೆಂಡು ಮೌನವಾಗಿ ಯೋಚಿಸುವುದೂ ಅವರಿಗೆ ಹೇಳಿಕೊಟ್ಟ ಕ್ರಮದಲ್ಲೇ ಇತ್ತು. ಮೂರು ವಾರದ ನಂತರ ಸಾಕಷ್ಟು ಆರಾಮಾಗಿದೆ ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 28, ಎರಡನೆಯದರಲ್ಲಿ 44, ಮೂರನೆಯದರಲ್ಲಿ 62. ಸೂಜಿ ಸುಳ್ಳಾಗಿದ್ದರೂ ಪಕ್ಕದಲ್ಲಿ ಕೂತದ್ದು ಸುಳ್ಳಾಗಿರಲಿಲ್ಲ. ರೇಖಿಯವರು ಒಂದು ಗಂಟೆ ಕೊಡುತ್ತಾರೆ. ಮಂತ್ರ ಹಾಕುವವರು ಮನೆಮಂದಿಯನ್ನೆಲ್ಲ ವಿಚಾರಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ ಬೆಳಿಗ್ಗೆಯಿಂದ ನಿಂತವರಿಗೆ ಸಿಗುವುದು ಎರಡು ಮೂರು ನಿಮಿಷ. ಜನ ಎಲ್ಲಿಗೆ ಹೋಗುತ್ತಾರೆ ಎಂಬುದರಲ್ಲಿ ಆಶ್ಚರ್ಯವೇನಿದೆ?

ಮೂರನೆಯ ಕಾರಣ ಸ್ಪರ್ಶ, ನಿಜವಾದ ಸ್ಪರ್ಶ. ಎಡವಿ ಹೆಬ್ಬೆರಳು ಜಜ್ಜಿದಾಗ ನಾವು ಮೊದಲು ಮಾಡುವುದು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಮುಟ್ಟಿದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಬಾಗಿಲು ಅರ್ಧ ಮುಚ್ಚುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದರು. ಆಮೇಲೆ ಸ್ವೀಡನ್ನಿನ ವಿಜ್ಞಾನಿಗಳು ನಮ್ಮ ಚರ್ಮದಲ್ಲಿ ಬೇರೆಯದೇ ಒಂದು ಜಾತಿಯ ನರತಂತುಗಳನ್ನು ಪತ್ತೆಮಾಡಿದರು. ಚುಚ್ಚಿದ್ದು, ಒತ್ತಿದ್ದು ಅವಕ್ಕೆ ಮುಖ್ಯವಲ್ಲ. ಬೆಚ್ಚಗಿನ ಕೈ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಸವರಿದರೆ ಅವು ಚೆನ್ನಾಗಿ ಮಿಡಿಯುತ್ತವೆ. ಅವು ಕಳಿಸುವ ಸುದ್ದಿ ‘ಎಲ್ಲಿ ಮುಟ್ಟಿದರು’ ಎಂಬುದಕ್ಕಿಂತ ‘ಹಿತವಾಗಿದೆ’ ಎಂಬುದು. ಕೂಸಿಗೆ ಎಣ್ಣೆ ನೀವುವ ಅಜ್ಜಿಯ ಕೈ ಯಾವ ಅಳತೆಪಟ್ಟಿಯೂ ಇಲ್ಲದೆ ಆ ವೇಗ ಹಿಡಿಯುತ್ತದೆ. 2021ರ ವೈದ್ಯಕೀಯ ನೊಬೆಲ್ ಹೋದದ್ದೂ ಬಿಸಿ ಮತ್ತು ಸ್ಪರ್ಶವನ್ನು ಗುರುತಿಸುವ ಅಣುಗಳನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಾಪೂಟಿಯನ್ ಅವರಿಗೆ.

2006ರಲ್ಲಿ ಜೇಮ್ಸ್ ಕೋನ್ ಎಂಬ ಮನಶ್ಶಾಸ್ತ್ರಜ್ಞ 16 ಮಂದಿ ವಿವಾಹಿತೆಯರನ್ನು ಮಿದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಕಾಲಿಗೆ ಸಣ್ಣ ಶಾಕ್ ತಗುಲಬಹುದು ಎಂದು ಎಚ್ಚರಿಸಿದ. ಒಬ್ಬರೇ ಇದ್ದಾಗ ಮಿದುಳಿನ ಭಯದ ಕೇಂದ್ರಗಳು ಹೆಚ್ಚು ಚುರುಕಾದವು. ಗಂಡ ಕೈ ಹಿಡಿದಾಗ ಅವು ಬಹಳ ಶಾಂತವಾದವು. ಗುರುತಿಲ್ಲದವರು ಹಿಡಿದರೂ ಕೊಂಚ ಕಡಿಮೆಯಾದವು. ಈ ಕೊನೆಯ ಫಲಿತಾಂಶ ನಮ್ಮ ದಾದಿಯರಿಗೆ ಸಂಬಂಧಪಟ್ಟದ್ದು. ಆಪರೇಷನ್ ಕೋಣೆಯ ಬಾಗಿಲಲ್ಲಿ ಗಂಡನಿರುವುದಿಲ್ಲ, ಅವರಿರುತ್ತಾರೆ.

ಇದೆಲ್ಲ ಹಿತದ ಮಾತಾಯಿತು. ಕೈ ಜೀವ ಉಳಿಸಿದ್ದುಂಟೇ ಎಂದು ಕೇಳಿದರೆ, ಉಂಟು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಹೋದವು. ಎಡ್ಗರ್ ರೇ ಎಂಬ ಮಕ್ಕಳ ವೈದ್ಯ ದಿನ ತುಂಬದ ಕೂಸುಗಳನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿಸಿದ. ಬಡತನಕ್ಕೆ ಹುಟ್ಟಿದ ಆ ಉಪಾಯ ಇವತ್ತು ಕಾಂಗರೂ ಆರೈಕೆ ಎಂದು ಲೋಕಮಾನ್ಯವಾಗಿದೆ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳ 3211 ಕೂಸುಗಳಿದ್ದವು. ಒಂದು ಕಿಲೋದಿಂದ 1.8 ಕಿಲೋ ಒಳಗಿನ ಪುಟ್ಟ ಜೀವಗಳು. ಹುಟ್ಟಿದ ಕೂಡಲೆ ಎದೆಗೆ ಹಚ್ಚಿದವುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ 12. ಸ್ಥಿತಿ ಸ್ಥಿರವಾಗಲಿ ಎಂದು ಕಾದವುಗಳಲ್ಲಿ 15.7. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್‌ನವರು ಸರ್ಕಾರದ ಜೊತೆ ಸೇರಿ, ಆಸ್ಪತ್ರೆಯಲ್ಲಿ ಶುರುವಾದ ಈ ಆರೈಕೆ ಮನೆಗೂ ಮುಂದುವರಿಯುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಮಾಡಿ ತೋರಿಸಿದ್ದಾರೆ. ಇಲ್ಲಿ ಯಾವ ಗುಟ್ಟಿನ ಶಕ್ತಿಯೂ ಇಲ್ಲ. ಮೈಯ ಕಾವು, ಎದೆಹಾಲು, ಸೋಂಕಿನಿಂದ ಕಾವಲು, ಕೂಸಿನ ಉಸಿರನ್ನು ಬಿಡದೆ ಗಮನಿಸುವ ತಾಯಿ. ಎಲ್ಲವೂ ಅಳೆಯಲು ಸಿಗುವಂಥವು.

ಹೆರಿಗೆಯಲ್ಲೂ ಹಾಗೇ. ಹೆರುವವಳ ಜೊತೆ ಕೊನೆಯವರೆಗೂ ಒಬ್ಬರಿದ್ದರೆ ಏನಾಗುತ್ತದೆ ಎಂದು ಲೋಕದ 26 ಅಧ್ಯಯನಗಳನ್ನು, 15 ಸಾವಿರಕ್ಕೂ ಹೆಚ್ಚು ಹೆಂಗಸರ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ನೋಡಿದ್ದಾರೆ. ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ಬೇನೆಯ ಅವಧಿಯೂ ಸ್ವಲ್ಪ ಕಡಿಮೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಇದು ಹೊಸ ಸುದ್ದಿಯಾಗುತ್ತಿರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಹೇಗೆ ಮಲಗಿದೆ ಎಂದು ಹೇಳುತ್ತಿದ್ದ, 15 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದರೆಂದು ಹೆಸರಾದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೆರಿಗೆಯ ಮೈಲಿಗೆ ಎಂದು ಬಾಗಿಲಲ್ಲೇ ನಿಲ್ಲುವವರ ಮನೆಯ ಕೂಸನ್ನೂ ಮೊದಲು ಎತ್ತಿಕೊಂಡದ್ದು ಇಂಥ ಕೈಗಳೇ. ಮುಟ್ಟಬಾರದು ಎಂಬುದನ್ನು ಸಾವಿರ ವರ್ಷ ಶಾಸ್ತ್ರವಾಗಿ ಮಾಡಿಕೊಂಡಿದ್ದ ನಾಡು ನಮ್ಮದು. ಕುಷ್ಠ ಹಿಡಿದ ಪರಚುರೆ ಶಾಸ್ತ್ರಿಗಳ ಮೈಯನ್ನು ಸೇವಾಗ್ರಾಮ ಆಶ್ರಮದಲ್ಲಿ ಗಾಂಧೀಜಿ ತಾವೇ ತಿಕ್ಕುತ್ತಿದ್ದರು ಎಂಬುದು ದೊಡ್ಡ ಸಂಗತಿ ಆಗುವುದು ಆ ಹಿನ್ನೆಲೆಯಲ್ಲಿ. ಇಂಥ ನಾಡಿನಲ್ಲಿ ರೋಗಿಯನ್ನು ಮುಟ್ಟದೆ ನೋಡುವುದು, ಮುಖ ಎತ್ತದೆ ಚೀಟಿ ಬರೆಯುವುದು ಬರಿಯ ಸಮಯದ ಅಭಾವ ಎನಿಸಿಕೊಳ್ಳುವುದಿಲ್ಲ.

ಹಾಗಾದರೆ ಕೈಗುಣ ಎಷ್ಟು ತೂಗುತ್ತದೆ? ಕಪಿಲೆ ನಂಜನಗೂಡನ್ನು ದಾಟಿ ತಿ. ನರಸೀಪುರದ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಯ ಗುಂಜಾ ನರಸಿಂಹಸ್ವಾಮಿ ಗುಲಗಂಜಿ ಹಿಡಿದ ದೇವರು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ನರಸೀಪುರದವರ ಹೆಮ್ಮೆ. ಕೈಗುಣದ ತೂಕವೂ ಅಂಥದ್ದೇ ಎಂದು ನನಗೆ ತೋರುತ್ತದೆ. ಹಿಂದೆ ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿಯನ್ನು ಯಾರೂ ಹಗುರವೆಂದು ಎಸೆಯುತ್ತಿರಲಿಲ್ಲ, ಚಿನ್ನದ ಬೆಲೆ ಅದರಿಂದಲೇ ಕಟ್ಟುತ್ತಿದ್ದರು. ಹಾಗೆಂದು ಗುಲಗಂಜಿಯನ್ನೇ ಚಿನ್ನವೆಂದು ಮಾರಲು ಹೊರಟರೆ ಅದು ಮೋಸ. ಔಷಧಿಯ ಜೊತೆಗಿದ್ದಾಗ ಕೈಗೆ ಬೆಲೆ. ಔಷಧಿಯ ಬದಲಿಗೆ ಬಂದಾಗ ಅಪಾಯ.

ಅಪಾಯ ಎಂದೆ. ನಮ್ಮ ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳಿವೆ, ಕಬ್ಬಿನ ಹೊಲಗಳಿವೆ, ನಾಲೆಗಳಿವೆ, ಇಲಿಗಳಿವೆ, ಇಲಿಗಳ ಹಿಂದೆ ಹಾವುಗಳಿವೆ. ಕಚ್ಚಿದ ಹಾವು ಎಷ್ಟೋ ಸಲ ವಿಷದ್ದಲ್ಲ. ವಿಷದ್ದಾದರೂ ಪ್ರತಿಸಲ ವಿಷ ಬಿಡುವುದಿಲ್ಲ. ಮಂತ್ರವಾದಿಯ ಕೀರ್ತಿ ನಿಂತಿರುವುದು ಈ ಲೆಕ್ಕದ ಮೇಲೆ. ಆದರೆ ಕೊಳಕುಮಂಡಲವೋ ಕಟ್ಟುಹಾವೋ ನಿಜವಾಗಿ ವಿಷ ಬಿಟ್ಟಿದ್ದರೆ ಮಂತ್ರ ಮುಗಿಯುವವರೆಗೆ ವಿಷ ಕಾಯುವುದಿಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ ಇದೆ, ಕುದುರೆಗಳ ರಕ್ತದಿಂದ ತಯಾರಾಗುವಂಥದ್ದು. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲನ್ನು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಹದಿನಾಲ್ಕನೆಯ ಶತಮಾನದಲ್ಲೇ ವಿಷಚಿಕಿತ್ಸೆಗೆಂದು ಮಂಗರಾಜನಿಂದ ‘ಖಗೇಂದ್ರಮಣಿದರ್ಪಣ’ ಬರೆಸಿಕೊಂಡ ಭಾಷೆ ನಮ್ಮದು. ತನ್ನ ಕಾಲಕ್ಕೆ ಸಿಕ್ಕ ಮದ್ದನ್ನೆಲ್ಲ ಕೂಡಿಹಾಕಿದ ಆತ ಈಗಿದ್ದಿದ್ದರೆ ಪ್ರತಿವಿಷಕ್ಕೂ ಒಂದು ಅಧ್ಯಾಯ ಕೊಡುತ್ತಿದ್ದ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದಕ್ಕೆ ಮೊದಲೇ, 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ವಾಮಾಚಾರ ತಡೆ ಕಾಯಿದೆ ಹಾವು, ಚೇಳು, ನಾಯಿ ಕಚ್ಚಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ ತಂತ್ರ ಮಾಡುವುದನ್ನು ಅಪರಾಧವೆಂದಿದೆ.

ಇನ್ನು ಕೆಲವು ಗಡಿಯಾರದ ಕಾಯಿಲೆಗಳು. ಲಕ್ವ ಹೊಡೆದಾಗ ರಕ್ತದ ಗಂಟು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸರ್ಪಸುತ್ತಿಗೂ ವೈರಾಣು ವಿರೋಧಿ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ. ಎರಡನೆಯ ತಿಂಗಳಿಗೇ ಕೆಮ್ಮು ನಿಂತಿತು, ಹೀಲಿಂಗ್ ಕೆಲಸ ಮಾಡಿತು ಎಂದು ಮಾತ್ರೆ ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯವನ್ನು ಮನೆಗೆ ಕರೆದಂತೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ, ಕ್ಷಯ, ಪಾರ್ಶ್ವವಾಯುಗಳನ್ನು ತಾಯಿತ ಮಂತ್ರಗಳಿಂದ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯಿದೆಗೆ ವಿರುದ್ಧ. ರೇಖಿ, ಕಾಂತಚಿಕಿತ್ಸೆ ಮುಂತಾದವನ್ನು ಪರಿಶೀಲಿಸಿದ ತಜ್ಞರ ಸಮಿತಿ ಮಾನ್ಯತೆಗೆ ಶಿಫಾರಸು ಮಾಡಲಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲೇ ತಿಳಿಸಿದೆ.

ಇಷ್ಟೆಲ್ಲ ಹೇಳಿದ ಮೇಲೆ, ರೇಖಿ ಮಾಡಿಸಿಕೊಂಡರೆ ಮನಸ್ಸಿಗೆ ಹಗುರ ಎನ್ನುವವರೊಡನೆ ನನಗೆ ಜಗಳವಿಲ್ಲ. ಅರ್ಧ ಗಂಟೆ ಕಣ್ಣುಮುಚ್ಚಿ ಸುಮ್ಮನೆ ಮಲಗುವುದು ಯಾರಿಗೆ ಹಿತವಲ್ಲ? ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಡಾಕ್ಟರ ಮಾತ್ರೆ ಬಿಡು ಎಂದರೇ? ಸ್ಕ್ಯಾನಿಂಗ್, ರಕ್ತಪರೀಕ್ಷೆ ಬೇಡ ಎಂದರೇ? ಇನ್ನೂ ಹತ್ತು ಸಲ ಬಂದರೆ, ಇಷ್ಟು ಸಾವಿರ ಕಟ್ಟಿದರೆ ಪೂರ್ತಿ ವಾಸಿ ಎಂದರೇ? ಒಂದಕ್ಕೆ ಹೌದೆಂಬ ಉತ್ತರ ಬಂದರೂ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಆಸ್ಪತ್ರೆಯವರಿಗೂ ಒಂದು ಮಾತು. ಜನ ಮುಟ್ಟದ ಕೈಯ ಕಡೆಗೆ ಹೋಗುತ್ತಿರುವುದು, ಮುಟ್ಟಬೇಕಾದ ಕೈ ಹಿಂದೆ ಸರಿದದ್ದರಿಂದ. ಆಯುರ್ವೇದ ರೋಗಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ದಾರಿ ಹೇಳಿತು. ಇಂಗ್ಲಿಷ್ ವೈದ್ಯವೂ ಮೊದಲ ವರ್ಷಗಳಲ್ಲಿ ಅದನ್ನೇ ಕಲಿಸುತ್ತದೆ. ಸ್ಕ್ಯಾನ್ ಬಂದ ಮೇಲೆ ನಡುವಿನದು ಸವೆದಿದೆ. ದೊಡ್ಡ ಖರ್ಚೇನೂ ಬೇಡ. ಹೊಟ್ಟೆನೋವೆಂದವರ ಹೊಟ್ಟೆ ಮುಟ್ಟಿ ನೋಡುವುದು. ಸೂಜಿ ಚುಚ್ಚುವ ಮುಂಚೆ ತೋಳಿನ ಮೇಲೆ ಕೈಯಿಡುವುದು. ಹೆರಿಗೆ ವಾರ್ಡಿನಲ್ಲಿ ಜೊತೆಗಾತಿಯನ್ನು ಒಳಗೆ ಬಿಡುವುದು. ಕೇಂದ್ರ ಸರ್ಕಾರ 2016ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ತೂಕ ಕಡಿಮೆಯ ಕೂಸಿನ ತಾಯಿಗೆ ಒರಗಿ ಕೂರಲು ಒಂದು ಕುರ್ಚಿ, ಒಂದು ಪರದೆ. ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಹೋದ ಬಾಣಂತಿಯನ್ನು ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಸಲ ನೋಡಿಬರಬೇಕೆಂದು ನಿಯಮವಿದೆ. ಆ ಆರು ಭೇಟಿಗಳು ಬರಿಯ ರಿಜಿಸ್ಟರ್ ತುಂಬುವ ಕೆಲಸವಾಗದಂತೆ ಅವಳಿಗೆ ಸಮಯ, ಸರಿಯಾದ ಗೌರವಧನ ಎರಡೂ ಬೇಕು. ಕೊನೆಯದಾಗಿ, ಮುಟ್ಟುವ ಮುಂಚೆ ಕೇಳಬೇಕು. ಒಪ್ಪಿಗೆಯಿಲ್ಲದ ಸ್ಪರ್ಶ ಚಿಕಿತ್ಸೆಯಲ್ಲ. ‘ಹೊಟ್ಟೆ ಮುಟ್ಟಿ ನೋಡಲೇನಮ್ಮ’ ಎಂಬ ನಾಲ್ಕು ಮಾತು, ಪಕ್ಕದಲ್ಲಿ ಒಬ್ಬ ದಾದಿ. ಅಷ್ಟರಲ್ಲೇ ಅರ್ಧ ಭಯ ಹೋಗುತ್ತದೆ.

ಇದಕ್ಕೆ ಕೋರ್ಸು ಬೇಡ, ದೀಕ್ಷೆ ಬೇಡ, ಮಟ್ಟ ಒಂದು ಮಟ್ಟ ಎರಡು ಎಂಬ ಸರ್ಟಿಫಿಕೇಟೂ ಬೇಡ. ಬೇಕಾಗಿರುವುದು ಸಾಕಷ್ಟು ಡಾಕ್ಟರರು, ಸಾಕಷ್ಟು ದಾದಿಯರು. ನೂರಾರು ಜನ ಸಾಲಿನಲ್ಲಿರುವಾಗ ಒಬ್ಬರೇ ಡಾಕ್ಟರು ಯಾರ ನಾಡಿಯನ್ನು ಎಷ್ಟು ಹೊತ್ತು ಹಿಡಿದಾರು? ತಾಲ್ಲೂಕು ಆಸ್ಪತ್ರೆಗಳ ಖಾಲಿ ಹುದ್ದೆ ತುಂಬಿ ಎಂದು ನಿಮ್ಮ ಪ್ರತಿನಿಧಿಗಳನ್ನು ಕೇಳಿ. ಕೈಗುಣ ಹೆಚ್ಚಬೇಕಾದರೆ ಮೊದಲು ಕೈಗಳು ಹೆಚ್ಚಬೇಕು.